ದಂಡದ ಪ್ರಮಾಣ

ತಪ್ಪು ಮಾಡಿದವನಿಗೆ ದಂಡನೆಯಾಗಬೇಕೆಂಬಲ್ಲಿ ವಿವಾದವಿಲ್ಲ. ಎಷ್ಟು ದಂಡನೆ ಎಂಬಲ್ಲಿಯೇ ಧರ್ಮಜಿಜ್ಞಾಸೆ ಆರಂಭವಾಗುತ್ತದೆ. ರಾಜನೀತಿಯಲ್ಲಿ ಕಠೋರನೆಂದೇ ಹೆಸರಾದ ಕೌಟಿಲ್ಯನು ಸಹ ಅತಿಯಾದ ಕಾಠಿಣ್ಯವನ್ನಾಗಲಿ ಅತಿಯಾದ ಮಾರ್ದವವನ್ನಾಗಲಿ ಒಪ್ಪದೆ, ಯಥಾರ್ಹವಾದ ದಂಡವನ್ನೇ ಎತ್ತಿಹಿಡಿದನು. ಆದರೆ ಯಥಾರ್ಹವೆಂದರೆ ಯಾವುದಕ್ಕೆ ತಕ್ಕದ್ದು? ಆ ಮನುಷ್ಯನು ಮಾಡಿದ ಕೃತ್ಯಕ್ಕೋ, ಅಥವಾ ಮುಂದೆ ಅವನೂ ಇತರರೂ ಮಾಡಬಹುದಾದ ಕೃತ್ಯಗಳನ್ನು ತಡೆಯುವ ಉದ್ದೇಶಕ್ಕೋ? ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ಈ ಎರಡನೆಯ ಉತ್ತರವನ್ನು ಶಾಸನವಾಗಿಯೇ ಬರೆದುಕೊಂಡಿತು. ಅದರ ಕಥೆ ವಿಚಾರಯೋಗ್ಯವಾಗಿದೆ.

1992ರಲ್ಲಿ ಫ್ರೆಸ್ನೊ ನಗರದಲ್ಲಿ ಹದಿನೆಂಟು ವರ್ಷದ ತರುಣಿಯೊಬ್ಬಳನ್ನು ಕೈಚೀಲ ಕಸಿಯಲು ಬಂದವರು ಗುಂಡಿಟ್ಟು ಕೊಂದರು. ಮರುವರ್ಷ ಪೆಟಲೂಮ ಎಂಬ ಊರಿನಲ್ಲಿ ಹನ್ನೆರಡು ವರ್ಷದ ಬಾಲಿಕೆಯನ್ನು ಆಕೆಯ ಮನೆಯಿಂದಲೇ ರಾತ್ರಿ ಅಪಹರಿಸಿ ಕೊಲ್ಲಲಾಯಿತು. ಕೊಂದವನು ಹಳೆಯ ಅಪರಾಧಿ, ಅದೇ ವರ್ಷ ಪೆರೋಲಿನ ಮೇಲೆ ಸೆರೆಮನೆಯಿಂದ ಹೊರಬಂದವನು. ಜನರ ಕೋಪಕ್ಕೆ ಮೇರೆ ಇರಲಿಲ್ಲ. ಇರಬೇಕೆಂದು ಕೇಳುವುದೂ ಸಾಧುವಲ್ಲ. 1994ರ ಮಾರ್ಚ್‌ನಲ್ಲಿ ಹೊಸ ಕಾನೂನು ಬಂದಿತು. ನವೆಂಬರಿನಲ್ಲಿ ನೂರಕ್ಕೆ ಸುಮಾರು 72 ಮತದಾರರು ಅದನ್ನು ಅನುಮೋದಿಸಿದರು. ಗಂಭೀರ ಅಥವಾ ಹಿಂಸಾತ್ಮಕ ಅಪರಾಧಗಳಿಗಾಗಿ ಹಿಂದೆ ಎರಡು ಸಲ ದೋಷಿಯೆನಿಸಿದವನು, ‘ಫೆಲನಿ’ ಎಂಬ ದೊಡ್ಡ ಅಪರಾಧಗಳ ವರ್ಗಕ್ಕೆ ಸೇರುವ ಯಾವುದೇ ಮೂರನೆಯ ಕೃತ್ಯ ಮಾಡಿದರೂ, ಕನಿಷ್ಠ 25 ವರ್ಷ ಕಳೆಯುವವರೆಗೆ ಬಿಡುಗಡೆಯ ಮಾತೇ ಇಲ್ಲದ ಜೀವಾವಧಿ ಶಿಕ್ಷೆ. ಇದಕ್ಕೆ ಇಟ್ಟ ಹೆಸರು ಬೇಸ್‌ಬಾಲ್ ಆಟದ್ದು: ಮೂರು ಸಲ ಚೆಂಡು ತಪ್ಪಿದ ಆಟಗಾರ ಹೊರಕ್ಕೆ. ಮನುಷ್ಯನ ಆಯುಷ್ಯವನ್ನು ಅಳೆಯಲು ಆಟದ ನಿಯಮದ ಹೆಸರು ಸಾಕಾಯಿತೆಂಬುದು ನಮಗೆ ಇಂದಿಗೂ ವಿಚಿತ್ರವಾಗಿ ತೋರುತ್ತದೆ.

ಕಾನೂನಿನ ಬಲೆಗೆ ಎಂಥವರು ಬಿದ್ದರು? 1995ರಲ್ಲಿ ಒಬ್ಬಾತನು ಎರಡು ಅಂಗಡಿಗಳಿಂದ ಒಂಬತ್ತು ವೀಡಿಯೊ ಕ್ಯಾಸೆಟ್ಟುಗಳನ್ನು ಕದ್ದನು. ಬೆಲೆ ಸುಮಾರು 150 ಡಾಲರು. ಹಿಂದೆಯೂ ಕಳವು ಮಾಡಿದ್ದವನಾದುದರಿಂದ ಈ ಚಿಲ್ಲರೆ ಕಳವನ್ನು ಫೆಲನಿಯೆಂದು ಎಣಿಸಲು ಅವಕಾಶವಿತ್ತು. ಎರಡು ಕಳವಿಗೆ ಎರಡು ಶಿಕ್ಷೆ, ಒಂದಾದ ಮೇಲೊಂದು: 50 ವರ್ಷ ಕಳೆಯದೆ ಅವನ ಬಿಡುಗಡೆಯ ವಿಚಾರವೇ ಬಾರದು. ಅಷ್ಟು ಹೊತ್ತಿಗೆ ಅವನಿಗೆ 87 ವರ್ಷ. ಮತ್ತೊಬ್ಬನು ಮೂರು ಗಾಲ್ಫ್ ದಾಂಡುಗಳನ್ನು ಷರಾಯಿಯ ಕಾಲಿನೊಳಗೆ ಅಡಗಿಸಿಕೊಂಡು ಕುಂಟುತ್ತ ಹೊರಬರುವಾಗ ಸಿಕ್ಕಿಬಿದ್ದನು. ಅವನಿಗೆ 25 ವರ್ಷದಿಂದ ಜೀವಾವಧಿಯವರೆಗೆ. ಇವನು ನಿರುಪದ್ರವಿಯಲ್ಲ, ಹಿಂದೆ ಚೂರಿ ತೋರಿಸಿ ಸುಲಿದವನು. ಎರಡೂ ಪ್ರಕರಣಗಳಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 2003ರಲ್ಲಿ ಐವರು ನಾಲ್ವರ ಬಹುಮತದಿಂದ ಶಿಕ್ಷೆಯನ್ನು ಎತ್ತಿಹಿಡಿಯಿತು.

ಕಾನೂನಿನ ಪಕ್ಷದವರು ತೋರಿಸಿದ ಪ್ರಮಾಣವೊಂದಿತ್ತು: ಅಪರಾಧಗಳು ಇಳಿದುವು. ಇದು ಸುಳ್ಳಲ್ಲ. ಕ್ಯಾಲಿಫೋರ್ನಿಯಾದಲ್ಲಿ 1993ರಲ್ಲಿ ನಾಲ್ಕು ಸಾವಿರಕ್ಕೂ ಮಿಕ್ಕಿದ್ದ ಕೊಲೆಗಳು 1999ರ ಹೊತ್ತಿಗೆ ಸುಮಾರು ಅರ್ಧಕ್ಕೆ ಬಂದುವು. ಆದರೆ ಹಿಂಸಾಪರಾಧಗಳ ಇಳಿತವು ಕಾನೂನು ಬರುವ ಮೊದಲೇ, 1992ರ ತರುವಾಯವೇ ತೊಡಗಿತ್ತು. ಈ ಬಗೆಯ ಕಾನೂನಿಲ್ಲದ ನ್ಯೂಯಾರ್ಕ್ ನಗರದಲ್ಲಿ 1990ರಲ್ಲಿ 2,245 ಇದ್ದ ಕೊಲೆಗಳು 1998ರಲ್ಲಿ 633ಕ್ಕೆ ಇಳಿದುವು. ಗಡಿಯಾಚೆಯ ಕೆನಡಾದಲ್ಲಿಯೂ ಅದೇ ದಶಕದಲ್ಲಿ ಅಪರಾಧ ಇಳಿಯಿತು. ಕೋಳಿ ಕೂಗಿದ್ದರಿಂದಲೇ ಬೆಳಗಾಯಿತೆಂದುಕೊಂಡ ನಮ್ಮ ಅಜ್ಜಿಯ ಕಥೆ ಇಲ್ಲಿ ನೆನಪಾಗದಿರದು. ಸೆರೆಯಲ್ಲಿರುವವನು ಹೊರಗೆ ಕದಿಯಲಾರ ಎಂಬುದೂ ನಿಜವೇ. ಆದರೆ ವಯಸ್ಸು ಏರಿದಂತೆ ಅಪರಾಧ ಮಾಡುವವರ ಸಂಖ್ಯೆ ತಾನಾಗಿಯೇ ಕುಗ್ಗುತ್ತದೆ. ಎಪ್ಪತ್ತರ ಮುದುಕನನ್ನು ಕಾಯುವುದರಿಂದ ಊರಿಗೆ ದೊರೆಯುವ ರಕ್ಷಣೆ ಅತ್ಯಲ್ಪ. 2011ರಲ್ಲಿ ಅದೇ ಸುಪ್ರೀಂ ಕೋರ್ಟು, ಸುಮಾರು 80,000 ಮಂದಿಗೆ ಕಟ್ಟಿದ ಆ ರಾಜ್ಯದ ಸೆರೆಮನೆಗಳಲ್ಲಿ ಅದರ ಹತ್ತಿರಹತ್ತಿರ ಇಮ್ಮಡಿ ಜನರನ್ನು ತುಂಬಿ, ರೋಗಿಗಳಿಗೆ ಚಿಕಿತ್ಸೆಯೂ ಸಿಗದಂತೆ ಮಾಡಿದುದನ್ನು ಕಂಡು ಸಂಖ್ಯೆಯನ್ನು ಇಳಿಸಲು ಆಜ್ಞಾಪಿಸಬೇಕಾಯಿತು.

ಇರಲಿ. ಈ ಅಂಕಿಗಳೆಲ್ಲ ಕಾನೂನಿನ ಪರವಾಗಿಯೇ ಇದ್ದುವೆಂದು ವಾದಕ್ಕಾಗಿ ಒಪ್ಪೋಣ. ಕ್ಯಾಸೆಟ್ಟು ಕದ್ದವನನ್ನು ಐವತ್ತು ವರ್ಷ ಕೂಡಿಹಾಕಿದ್ದರಿಂದ ಬೇರೆ ಹತ್ತು ಮಂದಿ ಹೆದರಿ ಕಳವು ಬಿಟ್ಟರೆನ್ನೋಣ. ಆಗ ಅವನು ಸೆರೆಯಲ್ಲಿ ಕಳೆಯುವ ವರ್ಷಗಳಲ್ಲಿ ತನ್ನ ತಪ್ಪಿಗೆ ಸಲ್ಲುವುದೆಷ್ಟು, ಆ ಹತ್ತು ಮಂದಿಯ ಹೆದರಿಕೆಗೆ ಸಲ್ಲುವುದೆಷ್ಟು? ಮೊದಲನೆಯದು ಅವನ ಸಾಲ. ಎರಡನೆಯದನ್ನು ಅವನಿಂದ ವಸೂಲು ಮಾಡುವ ಹಕ್ಕು ರಾಜ್ಯಕ್ಕೆ ಎಲ್ಲಿಂದ ಬಂದಿತು? ಮನುಷ್ಯನನ್ನು ಬರಿಯ ಸಾಧನವಾಗಿ ಬಳಸಲಾಗದೆಂದು ಜರ್ಮನಿಯ ಕಾಂಟ್ ಮಹಾಶಯನು ವಾದಿಸಿದುದು ಇಂಥ ಸಂದರ್ಭಗಳಿಗೇ ಒಪ್ಪುತ್ತದೆ. ಕಾಂಟನು ದಂಡನೆಯ ವಿಷಯದಲ್ಲಿ ಮೃದುವೇನೂ ಅಲ್ಲ, ಕೊಲೆಗೆ ಮರಣದಂಡನೆಯೇ ತಕ್ಕದ್ದೆಂದವನು. ಆತನ ಲೆಕ್ಕದಲ್ಲಿಯೂ ಕಳವಿಗೆ ಕಳವಿನ ಬೆಲೆಯೇ.

ಮಕ್ಕಳನ್ನು ಕಳೆದುಕೊಂಡವರ ಮುಂದೆ ನಿಂತು ಹೀಗೆ ವಾದಿಸುವ ಧೈರ್ಯ ನಮಗಿದೆಯೇ ಎಂದು ವಾಚಕರು ಕೇಳಬಹುದು. ಕೇಳತಕ್ಕದ್ದೇ. ಫ್ರೆಸ್ನೊದ ತರುಣಿಯ ತಂದೆಯೇ ಈ ಕಾನೂನಿಗಾಗಿ ಮುಂದೆ ನಿಂತು ಹೋರಾಡಿದನು. ಪೆಟಲೂಮದ ಬಾಲಿಕೆಯ ತಂದೆಯೂ ಮೊದಲು ಅವನ ಜೊತೆಗಿದ್ದನು. ಆದರೆ ಹಿಂಸೆಯಿಲ್ಲದ ಕೃತ್ಯಗಳೂ ಮೂರನೆಯ ತಪ್ಪಾಗಿ ಎಣಿಕೆಗೆ ಬರುವುದನ್ನು ತಿಳಿದ ಮೇಲೆ ಈತನು, ಮಗಳು ತೀರಿ ವರ್ಷ ತುಂಬುವಷ್ಟರಲ್ಲಿಯೇ, ಅದನ್ನು ವಿರೋಧಿಸಿದನು. ಇಬ್ಬರ ದುಃಖವೂ ಒಂದೇ ತೂಕದ್ದು. ಒಬ್ಬನ ನಿಲುವನ್ನು ನಾವು ಅರ್ಥಮಾಡಿಕೊಳ್ಳಬಲ್ಲೆವು. ಇನ್ನೊಬ್ಬನದು ಹೇಗೆ ಸಾಧ್ಯವಾಯಿತೆಂಬುದು ಅನೇಕ ದಿನ ನಮ್ಮನ್ನು ಕಾಡಿದೆ.

2012ರಲ್ಲಿ ಅದೇ ರಾಜ್ಯದ ಮತದಾರರು, ಮೂರನೆಯ ತಪ್ಪೂ ಸಾಮಾನ್ಯವಾಗಿ ಗಂಭೀರ ಅಥವಾ ಹಿಂಸಾತ್ಮಕವಾಗಿದ್ದರೆ ಮಾತ್ರ ಜೀವಾವಧಿ ಎಂದು ಕಾನೂನನ್ನು ತಿದ್ದಿದರು. ಹಳೆಯ ಶಿಕ್ಷೆಗಳನ್ನು ನ್ಯಾಯಾಧೀಶರು ಒಂದೊಂದಾಗಿ ಪರಿಶೀಲಿಸಿದರು. ಸಾವಿರಕ್ಕೂ ಹೆಚ್ಚು ಮಂದಿ ಹೊರಬಂದರು. ಆ ಪ್ರಸ್ತಾಪದ ಸಂಖ್ಯೆ 36. 2024ರಲ್ಲಿ ಅಂಗಡಿ ಕಳವುಗಳಿಂದ ಬೇಸತ್ತ ಅದೇ ಜನ, ಆಕಸ್ಮಿಕವಾಗಿ ಅದೇ 36ರ ಸಂಖ್ಯೆ ಹೊತ್ತ ಇನ್ನೊಂದು ಪ್ರಸ್ತಾಪಕ್ಕೆ ಮತ ನೀಡಿದರು. ಎರಡು ಸಲ ಕಳವಿಗೆ ಸಿಕ್ಕಿದವನು ಮೂರನೆಯ ಸಲ ಚಿಲ್ಲರೆ ಸಾಮಾನು ಕದ್ದರೂ ಅದು ಮತ್ತೆ ಫೆಲನಿ. ಈ ಸಲ ಗರಿಷ್ಠ ಅವಧಿ ಮೂರು ವರ್ಷವೆಂದು ಬರೆದಿದ್ದಾರೆ, ಐವತ್ತಲ್ಲ.