ಮೌನವು ಪ್ರಮಾಣವಾಗಬಲ್ಲುದೆ?

ಕಡಲಿಗೆ ದೂರವಾದ ಸೀಮೆ ನಮ್ಮದು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲಗಳ ಕೆರೆಯೇರಿಯ ಮೇಲೆ ಕುಳಿತು ಸಮುದ್ರನಾವೆಗಳ ವಿಷಯವನ್ನು ವಿಚಾರಿಸುವುದು ವಾಚಕರಲ್ಲಿ ಕೆಲವರಿಗೆ ವಿನೋದವಾಗಿ ತೋರಬಹುದು. ಆದರೆ ಕರಾವಳಿಯಾಚೆ ಆಪತ್ತಿಗೆ ಸಿಕ್ಕಿದ ಮೀನುಗಾರನು ತನ್ನ ದೋಣಿಯ ವಿಪತ್ಸೂಚಕ ಯಂತ್ರದ ಗುಂಡಿಯನ್ನೊತ್ತಿದರೆ, ಆ ಮೊರೆಯು ಉಪಗ್ರಹದ ಮೂಲಕ ಬಂದು ಸೇರುವುದು ಬೆಂಗಳೂರಿನಲ್ಲಿರುವ ಇಸ್ರೋ ಸಂಸ್ಥೆಯ ಕೇಂದ್ರಕ್ಕೆ. ನೆಲಮಂಗಲದಿಂದ ರಾಜಧಾನಿಗೆ ಹೋಗುವ ದಾರಿಯಲ್ಲಿ ಸಿಕ್ಕುವ ಪೀಣ್ಯದಲ್ಲಿಯೇ ಅದರ ನೆಲೆ. ಅಲ್ಲಿಂದ ತೀರರಕ್ಷಕ ಪಡೆಗೆ ಸುದ್ದಿ ಹೋಗುತ್ತದೆ. ಆದ್ದರಿಂದ ದೂರದ ನಾವೆಯ ಮಾತು ನಮ್ಮ ನೆರೆಯ ಮಾತೇ ಆಗಿದೆ.

ಇಲ್ಲಿ ವಿಚಾರಣೀಯವಾದ ಪ್ರಶ್ನೆ ಇದು: ಕಡಲಿಗೆ ಹೋದವನ ಕುಶಲವಾರ್ತೆಯು ಅವನು ದಡದವರಿಗೆ ಸಲ್ಲಿಸಬೇಕಾದ ಋಣವೊ, ಅಥವಾ ಅನುಕೂಲವಾದಾಗ ಮಾಡತಕ್ಕ ಉಪಚಾರವೊ? ಹಿಂದಿನವರಿಗೆ ಈ ಪ್ರಶ್ನೆ ಇಷ್ಟು ತೀಕ್ಷ್ಣವಾಗಿರಲಿಲ್ಲ. ಹಡಗು ಹಿಂದಿರುಗಿದಾಗಲೇ ವಾರ್ತೆ, ಅಲ್ಲಿಯವರೆಗೆ ದೈವಚಿತ್ತ.

ಈಗಲಾದರೋ ಸಾಧನಗಳು ಹಲವು. ಸಾಮಾನ್ಯವಾದ ಮೊಬೈಲು ದಡವನ್ನು ಬಿಟ್ಟು ಕೆಲವು ಹರದಾರಿ ಹೋಗುವಷ್ಟರಲ್ಲಿ ಮೂಕವಾಗುತ್ತದೆ. ನಾವೆಗಳಲ್ಲಿರುವ ವಿ.ಎಚ್.ಎಫ್. ರೇಡಿಯೋದ ಅಲೆಗಳು ನೆಟ್ಟಗೆ ಸಾಗತಕ್ಕವು. ಭೂಮಿಯ ದುಂಡಗಿನ ಮೈ ಅಡ್ಡಬಂದರೆ ಮುಂದಕ್ಕೆ ತಲುಪವು. ಎಚ್.ಎಫ್. ರೇಡಿಯೋದ ಉದ್ದನೆಯ ಅಲೆಗಳು ಆಕಾಶದ ಮೇಲ್ಪದರಕ್ಕೆ ತಾಗಿ ಮರಳಿ ಇಳಿಯುವುದರಿಂದ ಸಾವಿರಾರು ಮೈಲಿ ಹೋಗಬಲ್ಲುವು. ಅದಕ್ಕೆ ಮೋಡೆಮ್ ಜೋಡಿಸಿ ಇ-ಮೇಲ್ ಕಳುಹಿಸುವುದುಂಟು. ಆದರೆ ಅದು ಬಹು ನಿಧಾನ, ಹಗಲಿರುಳುಗಳಿಗೆ ತಕ್ಕಂತೆ ಅದರ ಗುಣವೂ ಬದಲಾಗುವುದು. ಉಳಿದದ್ದು ಉಪಗ್ರಹಗಳ ದಾರಿ. ಸುಮಾರು 36,000 ಕಿಲೋಮೀಟರು ಎತ್ತರದಲ್ಲಿ ನಿಂತಂತೆ ತೋರುವ ಉಪಗ್ರಹಗಳು ಕೆಲವು. ಸುಮಾರು 780 ಕಿಲೋಮೀಟರು ಎತ್ತರದ ಇರಿಡಿಯಂ, 550ರ ಆಸುಪಾಸಿನ ಸ್ಟಾರ್‌ಲಿಂಕ್ ಮುಂತಾಗಿ ತಗ್ಗಿನಲ್ಲಿ ಸುತ್ತುವಂಥವು ಕೆಲವು. ಇವುಗಳಿಂದ ನಡುಗಡಲಿನಲ್ಲಿಯೂ ಇಂಟರ್‌ನೆಟ್ಟು ದೊರೆಯುತ್ತದೆ. ಆದರೆ ಹಣ ಬೇಕು, ಬ್ಯಾಟರಿಯಲ್ಲಿ ಕಸುವಿರಬೇಕು, ಉಪ್ಪುನೀರಿನಿಂದ ಯಂತ್ರವನ್ನು ಕಾಯಬೇಕು. ನಮ್ಮ ದೇಶದಲ್ಲಿ ಉಪಗ್ರಹ ದೂರವಾಣಿಗೆ ಸರ್ಕಾರದ ಅನುಮತಿಯೂ ಬೇಕು.

ಸಾಧನವು ಬಂದೊಡನೆ ಮೌನದ ಅರ್ಥವೇ ಬದಲಾಯಿತೆಂಬುದನ್ನು ಗಮನಿಸಬೇಕು. ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಅನುಪಲಬ್ಧಿ ಎಂಬ ಪ್ರಮಾಣವನ್ನು ಒಪ್ಪುತ್ತಾರೆ. ಬೆಳಕಿರುವ ಕೋಣೆಯಲ್ಲಿ ಕೊಡವು ಕಾಣದಿದ್ದರೆ ಅಲ್ಲಿ ಕೊಡವಿಲ್ಲವೆಂದು ನಿಶ್ಚಯಿಸಬಹುದು. ಕತ್ತಲೆಯ ಕೋಣೆಯಲ್ಲಿ ಕಾಣದಿದ್ದರೆ ಏನನ್ನೂ ನಿಶ್ಚಯಿಸಲಾಗದು. ಇದ್ದಿದ್ದರೆ ಕಾಣಲೇಬೇಕಾಗಿತ್ತು ಎಂಬ ಯೋಗ್ಯತೆಯಿದ್ದಲ್ಲಿ ಮಾತ್ರ ಕಾಣದಿರುವಿಕೆಯು ಪ್ರಮಾಣ. ವಾರ್ತೆಗೂ ಇದೇ ನ್ಯಾಯ. ಒಮ್ಮೆ ನುಡಿದು ಒಮ್ಮೆ ನುಡಿಯದ ಯಂತ್ರವು ಕತ್ತಲೆಯ ಕೋಣೆಯಿದ್ದಂತೆ. ಅದರ ಮೌನದಿಂದ ಕ್ಷೇಮವೂ ತಿಳಿಯದು, ಆಪತ್ತೂ ತಿಳಿಯದು. ನಂಬತಕ್ಕ ಯಂತ್ರವಾದರೆ, ಗೊತ್ತಾದ ವೇಳೆಗೆ ಮಾತು ಬಾರದಿರುವುದೇ ಒಂದು ಮಾತು. ಆಗಲೇ ಹುಡುಕಲು ಹೊರಡಬಹುದು.

ಇದು ಬರಿಯ ತರ್ಕವಲ್ಲ. 2017ರ ಸೆಪ್ಟೆಂಬರಿನಲ್ಲಿ ನೌಕಾದಳದ ಆರು ಮಂದಿ ಮಹಿಳಾ ಅಧಿಕಾರಿಗಳು ತಾರಿಣಿ ಎಂಬ ಹಾಯಿನಾವೆಯಲ್ಲಿ ಗೋವೆಯಿಂದ ಹೊರಟು, ಭೂಪ್ರದಕ್ಷಿಣೆ ಮಾಡಿ, 2018ರ ಮೇ ತಿಂಗಳಲ್ಲಿ ಮರಳಿದರು. ನಡುದಾರಿಯಲ್ಲಿ, ದೀಪಾವಳಿಯ ಸಮಯದಲ್ಲಿ, ಪ್ರಧಾನಮಂತ್ರಿಗಳು ಅವರೊಡನೆ ಮುಖ ಕಂಡು ಮಾತನಾಡಿದರು. ಅದೇ 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ಮೀನುದೋಣಿಯ ಸಂಪರ್ಕವು ಎರಡು ಮೂರು ದಿನಗಳಲ್ಲಿಯೇ ಕಡಿಯಿತು. ಅದರಲ್ಲಿದ್ದವರು ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಏಳು ಮಂದಿ. ಮಹಾರಾಷ್ಟ್ರದ ಮಾಲ್ವಣದಾಚೆ ಸಮುದ್ರತಳದಲ್ಲಿ ಆ ದೋಣಿಯ ಅವಶೇಷವನ್ನು ನೌಕಾದಳದವರು ಕಂಡದ್ದು 2019ರ ಮೇ ತಿಂಗಳಲ್ಲಿ. ಅಷ್ಟು ಕಾಲವೂ ಏಳು ಮನೆಗಳವರು ಆಶೆಯನ್ನು ಬಿಡಲಾರದೆ, ಹಿಡಿಯಲೂ ಆರದೆ ಇದ್ದರು. ಮೌನವು ಅವರಿಗೆ ಪ್ರಮಾಣವಾಗಲಿಲ್ಲ.

ಇಲ್ಲಿ ಒಂದು ಪೂರ್ವಪಕ್ಷ ಉಂಟು. ಏಕಾಂತವನ್ನು ಬಯಸಿ ಕಡಲಿಗೆ ಹೋದವನಿಗೆ ಮನೆಯ ಮಾತೂ ಕಚೇರಿಯ ಓಲೆಯೂ ಬೆನ್ನುಹತ್ತಿ ಬಂದರೆ ಹೋದುದರ ಫಲವೇನು? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಯಂತ್ರವಿದೆಯೆಂಬ ಮಾತ್ರಕ್ಕೆ ಗಳಿಗೆಗೊಮ್ಮೆ ಉತ್ತರವನ್ನು ಬೇಡುವ ಹಕ್ಕು ದಡದವರಿಗೆ ಬಾರದು. ಆದರೆ ಹೇಳಿ ಹಿಡಿದ ಮೌನವು ವ್ರತ. ಹೇಳದೆ ಹಿಡಿದ ಮೌನವು ಕಾಯುವವರಿಗೆ ಮಾಡುವ ಹಿಂಸೆ. ಸಂಧ್ಯಾವಂದನೆಗೆ ಕಾಲವು ನಿಯತವಾಗಿರುವಂತೆ ವಾರ್ತೆಗೂ ಕಾಲವನ್ನು ಗೊತ್ತುಮಾಡಿಕೊಂಡು ಹೋಗುವುದು ಯುಕ್ತ. ದಿನಕ್ಕೊಮ್ಮೆ, ಇಂಥ ವೇಳೆಗೆ, ನಾವೆಯಿರುವ ಸ್ಥಾನವನ್ನು ತಿಳಿಸುವ ಒಂದು ಸಾಲು ಸಾಕು. ಮಿಕ್ಕ ಹೊತ್ತು ಅವನದು. ಆ ವೇಳೆಯನ್ನು ಉದಾಸೀನದಿಂದ ಮೀರಿದವನು ತಾನು ಬದುಕಿರುವಾಗಲೇ ತನ್ನ ಮರಣಕ್ಕೆ ಸುಳ್ಳು ಸಾಕ್ಷಿಯನ್ನು ಒದಗಿಸಿದಂತಾಗುತ್ತದೆ.

ಕೇಳುವವರಿಗೂ ಧರ್ಮವಿದೆ. 1912ರ ಏಪ್ರಿಲಿನಲ್ಲಿ ಟೈಟಾನಿಕ್ ಮುಳುಗಿದ ರಾತ್ರಿ, ಸಮೀಪದಲ್ಲಿದ್ದ ಕ್ಯಾಲಿಫೋರ್ನಿಯನ್ ಹಡಗಿನ ಏಕಮಾತ್ರ ರೇಡಿಯೋ ಕೆಲಸಗಾರನು ಯಂತ್ರವನ್ನು ನಿಲ್ಲಿಸಿ ಮಲಗಿದ್ದನು. ಕೂಗಿದವರಿದ್ದರು, ಕೇಳತಕ್ಕ ಕಿವಿ ಇರಲಿಲ್ಲ. ಹಗಲಿರುಳೂ ಕಿವಿಗೊಟ್ಟಿರಬೇಕೆಂಬ ಒಪ್ಪಂದವನ್ನು ರಾಷ್ಟ್ರಗಳು ಮಾಡಿಕೊಂಡದ್ದು ಅನಂತರ, 1914ರಲ್ಲಿ.

ಕೇಳಿದರೂ ಸಾಲದು, ಕೇಳಿತೆಂದು ತಿಳಿಸಬೇಕು. ಹನುಮಂತನು ಉಂಗುರವನ್ನು ಕೊಟ್ಟು ಬಂದುದರಿಂದಲೇ ಕಾರ್ಯವು ಮುಗಿಯಲಿಲ್ಲ. ಚೂಡಾಮಣಿಯು ರಾಮನ ಕೈಸೇರಿದಾಗ ಸಂದೇಶವು ಪೂರ್ಣವಾಯಿತು. 2010ರಿಂದ ಬಳಕೆಯಲ್ಲಿರುವ ಇಸ್ರೋದ ವಿಪತ್ಸೂಚಕವು ಮೊದಲು ಒಮ್ಮುಖವಾಗಿತ್ತು; ಗುಂಡಿಯನ್ನೊತ್ತಿದವನಿಗೆ ತನ್ನ ಮೊರೆ ಮುಟ್ಟಿತೆ ಎಂಬುದು ತಿಳಿಯುತ್ತಿರಲಿಲ್ಲ. 2024ರಲ್ಲಿ ಬಂದ ಎರಡನೆಯ ಪೀಳಿಗೆಯ ಯಂತ್ರದಲ್ಲಿ ಮೊರೆ ಮುಟ್ಟಿತೆಂಬ ಉತ್ತರವು ದೋಣಿಗೆ ಮರಳುತ್ತದೆ. ಚಂಡಮಾರುತದ ಮುನ್ಸೂಚನೆಯನ್ನೂ ಅದರ ಮೂಲಕ ಕಳುಹಿಸಬಹುದು. ಅಲೆಗಳ ನಡುವೆ ಇರುಳನ್ನು ಕಳೆಯುವವನಿಗೆ ಆ ಉತ್ತರದಿಂದ ದೊರೆಯುವ ಧೈರ್ಯಕ್ಕೆ ಬೆಲೆ ಕಟ್ಟಲಾದೀತೆ?

ಆದ್ದರಿಂದ ಕುಶಲವಾರ್ತೆಯು ಋಣವೇ ಸರಿ. ಆದರೆ ಅದು ಎರಡು ಕಡೆಯ ಋಣ. ಹೋದವನು ಹೇಳಿದ ವೇಳೆಗೆ ನುಡಿಯಬೇಕು; ಇದ್ದವರು ಎಚ್ಚರದಿಂದ ಕೇಳಿ ಉತ್ತರ ಕೊಡಬೇಕು. ವಿಹಾರಕ್ಕೆ ಹೋಗುವ ಸಿರಿವಂತನ ನಾವೆಗೆ ಇಂಟರ್‌ನೆಟ್ಟು ಬರುವುದು ಸಂತೋಷವೇ. ಅದಕ್ಕೆ ಮುಂಚೆ, ಹೊಟ್ಟೆಪಾಡಿಗೆ ಹೋಗುವ ಪ್ರತಿಯೊಂದು ದೋಣಿಯ ಮೌನವೂ ಅರ್ಥವಾಗುವಂತೆ ಮಾಡುವುದು ಸಮಾಜದ ಕರ್ತವ್ಯ.