ಹಿಜ್ಕೀಯ ಒಡೆಸಿದ ಹಾವು

ಬೈಬಲ್ಲಿನ ಹಳೆ ಒಡಂಬಡಿಕೆಯಲ್ಲಿ ಒಂದು ತಾಮ್ರದ ಹಾವು ಬರುತ್ತೆ. ಮರುಭೂಮಿಯಲ್ಲಿ ಗೊಣಗಿದ ಇಸ್ರಾಯೇಲರ ಮೇಲೆ ದೇವರು ವಿಷದ ಹಾವುಗಳನ್ನು ಬಿಡುತ್ತಾನೆ. ಆಮೇಲೆ ಮೋಶೆ ತಾಮ್ರದ ಹಾವೊಂದನ್ನು ಮಾಡಿ ಕಂಬಕ್ಕೇರಿಸುತ್ತಾನೆ. ಕಚ್ಚಿಸಿಕೊಂಡವರು ಅದನ್ನು ನೋಡಿದರೆ ಸಾಕು, ಬದುಕುತ್ತಾರೆ. ಗಮನಿಸಿ, ಆ ಮೂರ್ತಿ ವೈದ್ಯನದ್ದಲ್ಲ, ದೇವರದ್ದೂ ಅಲ್ಲ. ಕಚ್ಚಿದ್ದು ಯಾವುದೋ ಅದರದ್ದೇ. (ಇಸ್ರೇಲಿನ ದಕ್ಷಿಣಕ್ಕಿರೋ ತಿಮ್ನಾದ ತಾಮ್ರದ ಗಣಿಗಳ ಹತ್ತಿರ, ಹಳೇ ಗುಡಿಯೊಂದನ್ನು ಅಗೆದಾಗ ತಲೆಗೆ ಚಿನ್ನ ಹೊದಿಸಿದ ಪುಟ್ಟ ತಾಮ್ರದ ಹಾವು ಸಿಕ್ಕಿದೆ. ಮೋಶೆಯದ್ದು ಅಂತಲ್ಲ, ಆ ಸೀಮೆಯಲ್ಲಿ ಇಂಥವನ್ನು ಮಾಡ್ತಿದ್ದರು ಅಷ್ಟೆ.)

ಎಷ್ಟೋ ತಲೆಮಾರು ಕಳೆದ ಮೇಲೆ ಯೆಹೂದದ ಅರಸ ಹಿಜ್ಕೀಯ ಆ ಹಾವನ್ನು ಒಡೆಸಿ ಹಾಕುತ್ತಾನೆ. ಜನ ಅದಕ್ಕೆ ಧೂಪ ಹಾಕ್ತಿದ್ದರು ಅನ್ನೋದು ಕಾರಣ. ಇದು ಅರಸುಗಳು ಎರಡನೇ ಪುಸ್ತಕದ 18ನೇ ಅಧ್ಯಾಯ. 20ನೇ ಅಧ್ಯಾಯಕ್ಕೆ ಬಂದರೆ ಅವನೇ ಸಾಯೋ ಹಾಗೆ ಕಾಯಿಲೆ ಬಿದ್ದಿದ್ದಾನೆ. ಎರಡನ್ನೂ ಒಟ್ಟಿಗೆ ಓದಿದಾಗಿನಿಂದ ನನ್ನನ್ನು ಕಾಡ್ತಿರೋದು ಇದು: ಕಾಯಿಲೆಯವರು ನೆಚ್ಚಿಕೊಂಡಿರೋ ಮೂರ್ತಿಯನ್ನು ಒಡೆಯೋ ಹಕ್ಕು ಯಾರಿಗಿದೆ?

ನಮ್ಮ ಕಾಲದಲ್ಲಿ ಆ ಕೆಲಸಕ್ಕೆ ಕೈಹಾಕಿದ್ದು ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್. ಕ್ಯಾನ್ಸರ್ ಅಂದರೆ ಯುದ್ಧ, ಅದುಮಿಟ್ಟ ಭಾವನೆಗಳ ಫಲ ಅನ್ನೋ ಮಾತುಗಳನ್ನೆಲ್ಲ 1978ರ 'ಇಲ್‌ನೆಸ್ ಆಸ್ ಮೆಟಫರ್' ಪುಸ್ತಕದಲ್ಲಿ ಕೆಡವಿದರು. ಕಾಯಿಲೆ ಕಾಯಿಲೆಯೇ, ರೂಪಕ ಅಲ್ಲ ಅನ್ನೋದು ಅವರ ವಾದ. ಸ್ವತಃ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದವರು, ಆದರೆ ಅಲ್ಲಿ ಅದರ ಸುದ್ದಿಯೇ ಇಲ್ಲ. ತಮಾಷೆ ನೋಡಿ, ಪುಸ್ತಕ ಶುರುವಾಗೋದೇ ರೂಪಕದಿಂದ: ಆರೋಗ್ಯ ಒಂದು ರಾಜ್ಯ, ಕಾಯಿಲೆ ಇನ್ನೊಂದು, ನಾವು ಎರಡಕ್ಕೂ ಪ್ರಜೆಗಳು!

ಯುದ್ಧದ ಮಾತಿನ ಮಟ್ಟಿಗೆ ನಾನು ಸೊಂಟಾಗ್ ಕಡೆಯೇ. ಚಿಕ್ಕಮ್ಮನಿಗೆ ಹೊಟ್ಟೆಯ ಕ್ಯಾನ್ಸರ್ ಆದಾಗ ನೋಡಲು ಬಂದವರೆಲ್ಲ "ಫೈಟ್ ಮಾಡಿ, ಗೆದ್ದೇ ಗೆಲ್ತೀರಿ" ಅಂತಿದ್ದರು. ಅವರು ಆಚೆ ಹೋದ ಮೇಲೆ ಚಿಕ್ಕಮ್ಮ, "ಯಾರ ಜೊತೆ ಫೈಟ್ ಮಾಡ್ಲಿ, ನನ್ನ ಹೊಟ್ಟೆ ಜೊತೆನಾ?" ಅಂದಳು. ಆರು ತಿಂಗಳಿಗೆ ಹೋಗಿಬಿಟ್ಟಳು. ಹಾಗಾದರೆ ಸೋತಳು ಅನ್ನಬೇಕಾ? ಅವಳೇನು ಕಡಿಮೆ ಪ್ರಯತ್ನ ಮಾಡಿದ್ದಳಾ?

ಆದರೆ ಅದೇ ಚಿಕ್ಕಮ್ಮನ ದಿಂಬಿನ ಕೆಳಗೆ ದೇವಸ್ಥಾನದ ಕುಂಕುಮದ ಪೊಟ್ಟಣ ಇರ್ತಿತ್ತು. ದೇವರನ್ನು ನಂಬದ ನಾನೂ ಹಾಸಿಗೆ ಬದಲಾಯಿಸುವಾಗ ಅದನ್ನು ತೆಗೆದು ಮತ್ತೆ ಅಲ್ಲೇ ಇಡ್ತಿದ್ದೆ. ವಿಜ್ಞಾನದ ಕಣ್ಣಲ್ಲಿ ಎರಡೂ ಒಂದೇ, ಆ 'ಫೈಟೂ' ಈ ಪೊಟ್ಟಣವೂ. ಮಲಗಿದವಳಿಗೆ ಒಂದೇ ಆಗಿರಲಿಲ್ಲ. 'ಫೈಟ್' ಅವಳ ಮೇಲೆ ಗೆಲ್ಲೋ ಕೆಲಸ ಹೊರಿಸಿತ್ತು, ಪೊಟ್ಟಣ ಏನನ್ನೂ ಕೇಳಲಿಲ್ಲ. ಮೋಶೆಯ ಹಾವೂ ಮೊದಲಿಗೆ ಬರೀ ಒಂದು ನೋಟ ಕೇಳಿತ್ತು. ಧೂಪ ಬಂದದ್ದು ಆಮೇಲೆ. ಧೂಪ ಹಾಕುವವರಲ್ಲಿ ಕಾಯಿಲೆಯವರು ಎಷ್ಟು ಮಂದಿ ಅಂತ ಅರಸ ವಿಚಾರಿಸಿದ ಹಾಗಂತೂ ಕಾಣಲ್ಲ.

ತನ್ನ ಸರದಿ ಬಂದಾಗ ಹಿಜ್ಕೀಯ ಗೋಡೆ ಕಡೆ ಮುಖ ತಿರುಗಿಸಿ ಅತ್ತನಂತೆ. ಪ್ರವಾದಿ ಯೆಶಾಯ ಅವನ ಹುಣ್ಣಿನ ಮೇಲೆ ಅಂಜೂರದ ಉಂಡೆ ಹಚ್ಚಿಸಿದ. ಆಯುಸ್ಸಿಗೆ ಇನ್ನೂ 15 ವರ್ಷ ಸೇರಿತು. ಆ 15 ವರ್ಷದಲ್ಲಿ ಮೈ ಹುಷಾರಿಲ್ಲದ ಮುದುಕಿಯೊಬ್ಬಳು ಬಂದು, ಇಲ್ಲೊಂದು ಹಾವಿತ್ತಲ್ಲ, ಎಲ್ಲಿ ಸ್ವಾಮಿ ಅಂತ ಕೇಳಿದ್ದರೆ ಏನನ್ನುತ್ತಿದ್ದನೋ.