ನಡೆಯುವ ಮನೆಗೆ ಬರುವವರು

ನಮ್ಮ ಕಡೆ ಮದುವೆಯಾದ ಹೆಣ್ಣನ್ನು ಗಂಡನ ಮನೆಗೆ ಕರೆದುಕೊಳ್ಳುವುದಕ್ಕೆ ‘ಮನೆ ತುಂಬಿಸಿಕೊಳ್ಳುವುದು’ ಎನ್ನುತ್ತಾರೆ. ಮಾತೇನೋ ಸೊಗಸಾಗಿದೆ. ಆದರೆ ಹೊಸಿಲ ಮೇಲಿನ ಸೇರಕ್ಕಿಯನ್ನು ಬಲಗಾಲಿನಿಂದ ತಳ್ಳಿ ಒಳಗೆ ಬಂದವಳಿಗೆ ಆ ಮನೆಯಲ್ಲಿ ಜಾಗ ಯಾವುದು? ಅದನ್ನು ಬಂದವಳೇ ಮಾಡಿಕೊಳ್ಳಬೇಕೋ, ಇದ್ದವರು ಸರಿದು ಕೊಡಬೇಕೋ? ಆ ಮಾತಿನಲ್ಲಿ ಇದಕ್ಕೆ ಉತ್ತರವಿಲ್ಲ.

ಮೂವತ್ತೈದು ವರ್ಷದ ಹಿಂದೆ ನಾನು ಅಂಜನಾಪುರಕ್ಕೆ ಸೊಸೆಯಾಗಿ ಬಂದಾಗ ಮನೆಯಲ್ಲಿ ಹದಿಮೂರು ಜನ. ಬೆಳಗಿನ ಜಾವದಿಂದ ರಾತ್ರಿ ದೀಪ ಆರಿಸುವವರೆಗೆ ಆ ಮನೆ ಗಾಣದ ಹಾಗೆ ತನ್ನಷ್ಟಕ್ಕೆ ತಿರುಗುತ್ತಿತ್ತು. ಯಾವ ಕೊಡ ಕುಡಿಯುವ ನೀರಿಗೆ, ಯಾವುದು ಬಳಕೆಗೆ, ಮಾವನವರು ತೋಟದಿಂದ ಬಂದೊಡನೆ ಮಾತಾಡಿಸಬಹುದೋ ಇಲ್ಲವೋ, ಎಲ್ಲವೂ ಎಲ್ಲರಿಗೂ ಗೊತ್ತಿತ್ತು. ಎಲ್ಲರಿಗೂ ಗೊತ್ತಿದ್ದುದರಿಂದಲೇ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಕೊಡ ತಪ್ಪಿದಾಗ ಮಾತ್ರ ಅದಕ್ಕೊಂದು ನಿಯಮವಿದೆ ಎಂದು ನನಗೆ ತಿಳಿಯುತ್ತಿತ್ತು.

ಈಗ ಕಿರಿಯ ಮಗನ ಮದುವೆ ಗೊತ್ತಾಗಿದೆ. ಹುಡುಗಿ ಗದಗಿನ ಕಡೆಯವಳು. ಅಲ್ಲಿಯ ಮಾತು, ರೊಟ್ಟಿ, ಹಬ್ಬದ ಕ್ರಮ ಎಲ್ಲವೂ ಬೇರೆ. ಅವಳು ಬರುವ ಮೊದಲೇ ಮನೆಯ ಕ್ರಮವನ್ನು ಒಂದಿಷ್ಟು ಸಡಿಲಿಸಿಕೊಳ್ಳೋಣ ಎಂದು ನಾನು ಅಂದದ್ದಕ್ಕೆ ಪಕ್ಕದ ಮನೆಯಲ್ಲೇ ಇರುವ ನನ್ನ ಓರಗಿತ್ತಿ, ಹಿರಿಯರು, ನಾನು ಅಕ್ಕ ಎನ್ನುತ್ತೇನೆ, ಒಂದೇ ಮಾತಿಗೆ ಮುಗಿಸಿದರು: “ನಮಗೇನು ಯಾರಾದರೂ ಹೇಳಿಕೊಟ್ಟರೇನೇ? ಬಿದ್ದು ಎದ್ದು ಕಲಿತೆವು. ಅವಳೂ ಕಲೀಲಿ ಬಿಡು.”

ಅಕ್ಕನ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ತಾನು ಪಟ್ಟ ಪಾಡಿಗೆ ಒಂದು ಬೆಲೆ ಇರಲಿ ಎಂದು ಯಾರಿಗೆ ಅನ್ನಿಸುವುದಿಲ್ಲ ಹೇಳಿ? ನನಗೆ ತಿರುಗಿ ಹೇಳಲು ಮಾತು ಹೊಳೆಯಲಿಲ್ಲ. ಅದು ಸಿಕ್ಕಿದ್ದು ನಮ್ಮ ಮನೆಯ ಜಗಲಿಯಲ್ಲೇ, ಅದೂ ಕಂಪ್ಯೂಟರಿನ ಮಾತಿನಲ್ಲಿ.

ನನ್ನ ಹಿರಿಯ ಸೊಸೆ ಬೆಂಗಳೂರಿನಲ್ಲಿ ಇಂಜಿನಿಯರು. ಅಡಿಕೆ ಸುಲಿಯುವ ಕಾಲಕ್ಕೆ ನಾಲ್ಕು ದಿನ ಬಂದಿದ್ದಳು. “ನೀನು ಅಲ್ಲಿ ಮಾಡುವ ಕೆಲಸವಾದರೂ ಏನಮ್ಮಾ?” ಎಂದು ಕೇಳಿದೆ. “ಅತ್ತೆ, ಒಂದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರಿನ ವೇಷ ಹಾಕುವ ಪ್ರೋಗ್ರಾಮು ಇದೆ, ಅದಕ್ಕೆ ಎಮ್ಯುಲೇಟರ್ ಅನ್ನುತ್ತಾರೆ” ಎಂದು ಶುರು ಮಾಡಿದಳು. ಒಳ್ಳೆಯ ವೇಷಧಾರಿಯ ಹಾಗೆ ಅದು ಎಷ್ಟು ಚೆನ್ನಾಗಿ ನಟಿಸುತ್ತದೆ ಎಂದರೆ, ಅದರೊಳಗೆ ಕೂತ ವಿಂಡೋಸೋ ಲಿನಕ್ಸೋ ತಾನು ನಿಜವಾದ ಯಂತ್ರದ ಮೇಲೇ ಇದ್ದೇನೆ ಎಂದು ನಂಬಿ ಕೆಲಸ ಮಾಡುತ್ತದೆ. ಇಂಥವುಗಳಲ್ಲಿ ಹೆಸರಾದದ್ದು ಕ್ಯೂಎಮು. ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ 2003ರಲ್ಲಿ ಅದನ್ನು ಹೊರತಂದರು. ಇಂದು ದೊಡ್ಡ ಕಂಪ್ಯೂಟರುಗಳನ್ನು ಹೋಳು ಮಾಡಿ ಹಲವರಿಗೆ ಬಾಡಿಗೆ ಕೊಡುವಲ್ಲೆಲ್ಲ ಇಂಥ ವೇಷದ ಯಂತ್ರಗಳೇ ದುಡಿಯುತ್ತವೆ.

ಯಂತ್ರದಲ್ಲಿ ಲೆಕ್ಕ ಮಾಡುವ ಆಳು ಎಂದರೆ ಪ್ರೊಸೆಸರು. ಎರಡು ಆಳು ಸಾಕು ಎಂದು ಶುರು ಮಾಡಿದ ಯಂತ್ರಕ್ಕೆ ಎಸ್ಸೆಸ್ಸೆಲ್ಸಿ ಫಲಿತಾಂಶದಂಥ ದಿನ ಎಂಟು ಬೇಕಾಗಬಹುದು. ಆಗ ಯಂತ್ರವನ್ನು ನಿಲ್ಲಿಸದೆ, ನಡೆಯುತ್ತಿರುವಾಗಲೇ ಹೊಸ ಪ್ರೊಸೆಸರನ್ನು ಸೇರಿಸುವುದಕ್ಕೆ ಹಾಟ್‌ಪ್ಲಗ್ ಎನ್ನುತ್ತಾರೆ. “ಸೇರಿಸಿದರಾಯಿತು, ಅದರಲ್ಲೇನು ಕಷ್ಟ?” ಎಂದೆ. ಅವಳು ನಕ್ಕಳು. “ಕಷ್ಟ ಹೊಸದರದ್ದಲ್ಲ ಅತ್ತೆ, ಹಳೆಯವುಗಳದ್ದು. ಅವು ಒಳಗೆ ಬಂದ ರೀತಿಯೇ ತೊಡಕು” ಎಂದಳು.

ಈ ಮಾತಿಗೆ ನಾನು ಮೆಟ್ಟುಗತ್ತಿ ಪಕ್ಕಕ್ಕಿಟ್ಟು ಕೇಳಿದೆ.

ಹಿಂದೆ ಯಂತ್ರ ಹುಟ್ಟುವಾಗ ಒಂದು ಉದ್ದನೆಯ ಕೋಡಿನಲ್ಲಿ ಎಲ್ಲ ಪ್ರೊಸೆಸರುಗಳನ್ನೂ ಸಾಲಾಗಿ ಮಾಡಿ ನಿಲ್ಲಿಸುತ್ತಿದ್ದರು. ಮೊದಲನೆಯದು, ಎರಡನೆಯದು, ಮೂರನೆಯದು ಎಂದು ಬಂದ ಕ್ರಮದಲ್ಲೇ ನಂಬರು. ಇನ್ನೂ ಯಾವುದೂ ನಡೆಯುತ್ತಿಲ್ಲ, ಯಾರಿಗೂ ಅಡ್ಡಿಯಾಗುವುದಿಲ್ಲ ಎಂಬ ನಂಬಿಕೆ ಆ ಕೋಡಿನ ಸಾಲುಸಾಲಿನಲ್ಲೂ ಅಡಗಿತ್ತು. ಅದನ್ನು ಯಾರೂ ಎಲ್ಲೂ ಬರೆದಿರಲಿಲ್ಲ, ಬರೆಯುವ ಅಗತ್ಯವೂ ಬಿದ್ದಿರಲಿಲ್ಲ. ಏನಾದರೂ ತಪ್ಪು ಕಂಡರೆ? ಒಂದು ಸಾಲು ದೂರು ಬರೆದು ಇಡೀ ಪ್ರೋಗ್ರಾಮನ್ನೇ ಮುಗಿಸಿಬಿಡುವುದು. ಹುಟ್ಟುವ ಹೊತ್ತಿನಲ್ಲಿ ಅದು ಸರಿ. ನಮ್ಮ ಅಂಜನಾಪುರದ ಜಲಾಶಯದ ನಾಲೆಯನ್ನೇ ನೋಡಿ. ನೀರು ಬಿಡುವ ಮೊದಲು ತೂಬು ಬಿಚ್ಚಿ ರಿಪೇರಿ ಮಾಡಿದರೆ ಯಾರಿಗೂ ನಷ್ಟವಿಲ್ಲ. ಗದ್ದೆಗಳಿಗೆ ನೀರು ಹರಿಯುತ್ತಿರುವಾಗ ಹಾಗೆ ಮಾಡಲಾದೀತೇ?

ಆದ್ದರಿಂದ ಹೊಸ ಪ್ರೊಸೆಸರನ್ನು ಕರೆಯುವ ಮೊದಲು ಹಳೆಯ ಕೋಡನ್ನೇ ಬಿಚ್ಚಿ ಹೊಸದಾಗಿ ಜೋಡಿಸಬೇಕಾಯಿತು. ಇದಕ್ಕೆ ರೀಫ್ಯಾಕ್ಟರಿಂಗ್ ಎಂದು ಹೆಸರು. ಹೊರಗಿನ ನಡತೆ ಬದಲಾಗದಂತೆ ಒಳಗಿನ ಜೋಡಣೆಯನ್ನು ಬದಲಿಸುವುದು. ಮೊದಲಿಗೆ, ಪ್ರೊಸೆಸರು ಹುಟ್ಟುವುದನ್ನೂ ಅದು ಯಂತ್ರದಲ್ಲಿ ನೆಲೆಗೊಳ್ಳುವುದನ್ನೂ ಎರಡು ಹಂತವಾಗಿ ಬೇರೆ ಮಾಡಿದರು. ಹುಟ್ಟಿದ ಮಾತ್ರಕ್ಕೆ ಅದು ಹೊರಗಿನ ಯಾವುದನ್ನೂ ಮುಟ್ಟಬಾರದು. ಆಮೇಲೆ ಅದರ ಗುಣಗಳನ್ನು, ಕೂರುವ ಜಾಗವನ್ನು ಗೊತ್ತುಮಾಡಬೇಕು. ಎಲ್ಲ ಸರಿಯಿದ್ದರೆ ಮಾತ್ರ ನೆಲೆಗೊಳಿಸಬೇಕು. ಸರಿಯಿಲ್ಲದಿದ್ದರೆ ಕರೆದವರಿಗೆ ತಿಳಿಸಿ, ಆಗಿದ್ದಷ್ಟನ್ನೂ ಬಿಚ್ಚಿ, ನಡೆಯುತ್ತಿರುವ ಯಂತ್ರಕ್ಕೆ ಕೂದಲೂ ಕೊಂಕದಂತೆ ಹಿಂದೆ ಸರಿಯಬೇಕು. ಎಲ್ಲವನ್ನೂ ನಿಲ್ಲಿಸಿಬಿಡುವ ಹಳೆಯ ಹಕ್ಕು ಇನ್ನಿಲ್ಲ.

ಇದನ್ನು ಕೇಳುವಾಗ ನನಗೆ ಎಷ್ಟು ಮನೆಗಳ ನೆನಪಾಯಿತೆಂದು ಹೇಳಲಾರೆ. ಹೊಸದಾಗಿ ಬಂದ ಸೊಸೆಯ ಸಾರಿಗೆ ಉಪ್ಪು ಹೆಚ್ಚಾದ ದಿನ ಇಡೀ ಮನೆ ಊಟ ಬಿಟ್ಟು ಎದ್ದುಬಿಡುವುದನ್ನು ನಾವೆಲ್ಲ ನೋಡಿದ್ದೇವೆ. ಸಣ್ಣ ತಪ್ಪಿಗೆ ಸಂಸಾರವನ್ನೇ ನಿಲ್ಲಿಸುವ ಆ ಅಧಿಕಾರ ಮನೆ ಕಟ್ಟಿದವರ ಕಾಲಕ್ಕೆ ಒಪ್ಪುತ್ತಿತ್ತೇನೋ, ಗೊತ್ತಿಲ್ಲ. ಮಕ್ಕಳು ಮರಿಗಳಿದ್ದು ನಡೆಯುತ್ತಿರುವ ಮನೆಗೆ ಖಂಡಿತ ಒಪ್ಪುವುದಿಲ್ಲ.

ನಂಬರಿನ ವಿಷಯವೂ ಹಾಗೆಯೇ. ಬಂದ ಕ್ರಮದಲ್ಲಿ ನಂಬರು ಕೊಟ್ಟರೆ ನಡುವಿನದೊಂದು ಹೋಗಿ ಮತ್ತೊಂದು ಬಂದಾಗ ಲೆಕ್ಕ ತಪ್ಪುತ್ತದೆ. ನಡೆಯುತ್ತಿರುವ ಯಂತ್ರವನ್ನು ಹಾಗೆಯೇ ಎತ್ತಿ ಬೇರೆ ಕಂಪ್ಯೂಟರಿಗೆ ಸಾಗಿಸುವುದೂ ಉಂಟಂತೆ; ಅಲ್ಲಿ ಯಾವ ಪ್ರೊಸೆಸರು ಮೊದಲು ಬಂತು ಎಂದು ಯಾರು ನೆನಪಿಟ್ಟಾರು? ಹೀಗಾಗಿ ಗುರುತು ಕೂರುವ ಜಾಗದಿಂದ ಬರಬೇಕು, ಹಿರಿತನದಿಂದಲ್ಲ ಎಂದಾಯಿತು. ಇನ್ನೊಂದು ಕ್ರಮವಂತೂ ನನಗೆ ತುಂಬಾ ಹಿಡಿಸಿತು. ಯಂತ್ರ ಶುರುವಾಗುವಾಗಲೇ ‘ಈಗ ಎರಡು, ಹೆಚ್ಚೆಂದರೆ ಎಂಟು’ ಎಂದು ಹೇಳಿ ಒಳಗಿನ ಪಟ್ಟಿಯಲ್ಲಿ ಆರು ಖಾಲಿ ಜಾಗ ಬಿಟ್ಟಿರಬೇಕು. ಆಮೇಲೆ ಬರುವವರಿಗೆ ಮೊದಲೇ ಎಲೆ ಹಾಕಿಡುವ ಹಾಗೆ.

ಇಷ್ಟೂ ಒಂದೇ ಸಲಕ್ಕೆ ಆದದ್ದಲ್ಲ. 2013ರಲ್ಲಿ ಬಂದ ಕ್ಯೂಎಮುವಿನ 1.5ನೇ ಆವೃತ್ತಿಯಲ್ಲಿ ಪಿಸಿ ಮಾದರಿಯ ಯಂತ್ರಕ್ಕೆ ಪ್ರೊಸೆಸರು ಸೇರಿಸಲೆಂದೇ ಒಂದು ಪ್ರತ್ಯೇಕ ಆಜ್ಞೆ ಕೊಟ್ಟಿದ್ದರು. ತಡವಾಗಿ ಬಂದವರಿಗೆ ಹಿತ್ತಿಲ ಬಾಗಿಲು ಎನ್ನಿ. ಕೆಲಸವೇನೋ ಆಗುತ್ತಿತ್ತು. ಆದರೆ 2016ರ 2.7ನೇ ಆವೃತ್ತಿಯಿಂದ ಬೇರೆಲ್ಲ ಉಪಕರಣಗಳನ್ನು ಸೇರಿಸುವ ಸಾಮಾನ್ಯ ಆಜ್ಞೆಯಿಂದಲೇ ಪ್ರೊಸೆಸರನ್ನೂ ಸೇರಿಸಬಹುದು ಎಂದಾಯಿತು. ಅದೇ ಆವೃತ್ತಿಯಲ್ಲಿ ಪವರ್ ಎಂಬ ಇನ್ನೊಂದು ಜಾತಿಯ ಯಂತ್ರಕ್ಕೂ ಈ ಅನುಕೂಲ ಬಂತು. ಅದರ ಹಿಂದೆ ಬೆಂಗಳೂರಿನ ಐಬಿಎಂ ಇಂಜಿನಿಯರುಗಳ ದುಡಿಮೆಯಿದೆ. ಕೊನೆಗೆ 2020ರ 5.2ನೇ ಆವೃತ್ತಿಯಲ್ಲಿ ಆ ಹಿತ್ತಿಲ ಬಾಗಿಲನ್ನೇ ಮುಚ್ಚಿದರು. ಈಗ ಮೊದಲ ದಿನ ಬಂದ ಪ್ರೊಸೆಸರೂ ನಡುವೆ ಬಂದದ್ದೂ ನೆಲೆಗೊಳ್ಳುವುದು ಒಂದೇ ವಿಧಿಯಿಂದ.

ಹೊಸಬರಿಗೆಂದು ವಿಶೇಷ ಅನುಕೂಲ ಮಾಡಿಕೊಡುವುದನ್ನು ನಾವು ಔದಾರ್ಯ ಎಂದುಕೊಳ್ಳುತ್ತೇವೆ. ಆದರೆ ಆ ಅನುಕೂಲವೇ ಅವರನ್ನು ಕೊನೆಯವರೆಗೂ ಹೊಸಬರಾಗಿ ಉಳಿಸುತ್ತದಲ್ಲವೇ? ನಾನು ಕೇಳುವುದು ಬೇರೆ. ಮೊದಲಿನಿಂದ ಇದ್ದವರು, ತಾವು ಯಾವ ಲೆಕ್ಕವನ್ನೂ ಕೊಡದೆ ಒಳಗೆ ಬಂದವರು, ಈಗ ಬರುವವಳಿಗೆ ಹೇಳುವ ನಿಯಮಕ್ಕೆ ತಾವೂ ಒಳಗಾಗಲು ಒಪ್ಪುತ್ತಾರೆಯೇ? ಕಷ್ಟವಿರುವುದು ಅಲ್ಲಿ.

ನಮ್ಮ ಶಿಕಾರಿಪುರ ತಾಲ್ಲೂಕಿನವರಿಗೆ ಈ ಪ್ರಶ್ನೆ ತೀರ ಹೊಸದೇನಲ್ಲ. ಅಕ್ಕಮಹಾದೇವಿಯ ಉಡುತಡಿಯೂ ಅಲ್ಲಮಪ್ರಭುವಿನ ಬಳ್ಳಿಗಾವೆಯೂ ನಮ್ಮ ತಾಲ್ಲೂಕಿನವೇ. ಅಕ್ಕ ಕಲ್ಯಾಣಕ್ಕೆ ಬಂದಾಗ ಅನುಭವ ಮಂಟಪ ಆಗಲೇ ನಡೆಯುತ್ತಿತ್ತು, ಶರಣರೆಲ್ಲ ಕೂತಿದ್ದರು. ಅಲ್ಲಮ ಅವಳನ್ನು ಸುಲಭಕ್ಕೆ ಒಳಗೆ ಬಿಡಲಿಲ್ಲ, ಕಟುವಾಗಿ ಪ್ರಶ್ನಿಸಿದ. 15ನೇ ಶತಮಾನದಲ್ಲಿ ರೂಪುಗೊಂಡ ಶೂನ್ಯಸಂಪಾದನೆಯ ಈ ಪ್ರಸಂಗವನ್ನು ಪಾಠ ಮಾಡುವಾಗಲೆಲ್ಲ ಹುಡುಗಿಯರು ಕೇಳುತ್ತಾರೆ: “ಟೀಚರ್, ಹೆಣ್ಣು ಅಂತ ತಾನೇ ಅವಳಿಗೆ ಅಷ್ಟು ಪರೀಕ್ಷೆ?” ಆ ಅನುಮಾನ ತಪ್ಪಲ್ಲ. ಆದರೆ ಅದೇ ಗ್ರಂಥದಲ್ಲಿ ಅಲ್ಲಮ ಸಿದ್ಧರಾಮನನ್ನು ಕೇಳುತ್ತಾನೆ, ಮುಕ್ತಾಯಕ್ಕನನ್ನು ಕೇಳುತ್ತಾನೆ, ಮಂಟಪ ಕಟ್ಟಿದ ಬಸವಣ್ಣನನ್ನೂ ಬಿಡುವುದಿಲ್ಲ. ಪ್ರಶ್ನೆ ಎಲ್ಲರಿಗೂ ಇತ್ತು. ಕೂತವರಿಗೆ ಇಲ್ಲದೆ ಅಕ್ಕನೊಬ್ಬಳಿಗೆ ಇದ್ದಿದ್ದರೆ ಅದನ್ನು ಸಹಿಸುವುದು ನನಗೆ ಕಷ್ಟವಾಗುತ್ತಿತ್ತು.

ಶಾಲೆಯಲ್ಲೂ ಇದನ್ನು ಕಾಣುತ್ತೇನೆ. ಅಡಿಕೆ ಕೊಯ್ಲಿಗೆ ಬಯಲುಸೀಮೆಯಿಂದ ಬಂದವರ ಮಕ್ಕಳು ನವೆಂಬರಿನಲ್ಲಿ ಬಾಗಿಲಲ್ಲಿ ನಿಲ್ಲುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ ತಡವಾಯಿತೆಂದು ಸೇರಿಸಿಕೊಳ್ಳದೆ ಕಳಿಸುವಂತಿಲ್ಲ, ವರ್ಗಾವಣೆ ಪತ್ರ ತಡವಾದರೂ ಕೂರಿಸಬೇಕು. ಕಾಯಿದೆ ಬಾಗಿಲು ತೆರೆಯಿತು, ಸರಿ. ಒಳಗೆ ಬಂದ ಹುಡುಗಿಗೆ ನೀರು ಕುಡಿಯಲು ಯಾವಾಗ ಏಳಬಹುದು, ಪ್ರಾರ್ಥನೆಗೆ ಯಾವ ಸಾಲು ಎಂದು ಹೇಳುವವರಾರು? ಜೂನಿನಲ್ಲಿ ಸೇರಿದವರಿಗೂ ಅದನ್ನು ಯಾರೂ ಹೇಳಿರುವುದಿಲ್ಲ, ಅವರು ಒಟ್ಟಿಗೆ ಬಂದು ಒಟ್ಟಿಗೆ ಕಲಿತಿರುತ್ತಾರೆ. ನಾನು ಈಗ ಅಂಥ ಮಗು ಬಂದ ದಿನ ಇಡೀ ತರಗತಿಗೆ ಎಲ್ಲವನ್ನೂ ಮತ್ತೊಮ್ಮೆ ಮೊದಲಿನಿಂದ ಹೇಳಿಸುತ್ತೇನೆ. ಹಳೆಯ ಮಕ್ಕಳಲ್ಲೇ ಮೂವರು ತಪ್ಪು ಹೇಳುತ್ತಾರೆ, ಉಳಿದವರು ನಗುತ್ತಾರೆ.

ಇದರಲ್ಲಿ ನಷ್ಟವಿಲ್ಲವೆಂದಲ್ಲ. ಎಲ್ಲವನ್ನೂ ಬಾಯಿಬಿಟ್ಟು ಹೇಳುವ ಮನೆಯಲ್ಲಿ ಹೇಳದೆ ತಿಳಿಯುವ ಸಲಿಗೆ ಸ್ವಲ್ಪ ಕಡಿಮೆಯಾಗಬಹುದು. ನಡೆಯುವುದನ್ನು ಬಿಚ್ಚಿದರೆ ಕೆಡುವ ಭಯವೂ ಇದೆ; ಸೊಸೆ ಹೇಳುವಂತೆ ಇಂಥ ಕೆಲಸದಲ್ಲಿ ಒಂದೊಂದೇ ಸಣ್ಣ ಬದಲಾವಣೆ ಮಾಡಿ, ಹಳೆಯದೆಲ್ಲ ಹಾಗೇ ನಡೆಯುತ್ತಿದೆಯೇ ಎಂದು ಪ್ರತಿ ಸಲ ಪರೀಕ್ಷಿಸಿ ಮುಂದೆ ಹೋಗಬೇಕು. ಇಷ್ಟೆಲ್ಲ ಮಾಡಿದ ಮೇಲೆ ಕಾಣುವುದೇನು? ಏನೂ ಇಲ್ಲ. ಯಂತ್ರ ನಿನ್ನೆ ನಡೆದ ಹಾಗೇ ಇವತ್ತೂ ನಡೆಯುತ್ತದೆ. ಮಾಡಿದ್ದು ಕಾಣದ, ಮಾಡದಿದ್ದರೆ ಮಾತ್ರ ಕಾಣುವ ಕೆಲಸ. ಅದರ ಬಗ್ಗೆ ನಿಮಗೆ ನಾನು ಹೇಳಬೇಕಾಗಿಲ್ಲ.

ಸೇರಿದ ಕೂಡಲೇ ಎಲ್ಲ ಮುಗಿಯುವುದೂ ಇಲ್ಲ. ಹೊಸ ಪ್ರೊಸೆಸರು ಬಂದಿದೆ ಎಂಬ ಸುದ್ದಿ ಒಳಗಿನ ವ್ಯವಸ್ಥೆಗೆ ಹೋಗುತ್ತದೆ; ಅದು ಒಪ್ಪಿ ಕೆಲಸ ಹಂಚುವವರೆಗೂ ಇದು ಸುಮ್ಮನೆ ನಿಂತಿರಬೇಕು. ತೆಗೆಯುವಾಗಲೂ ಕಿತ್ತುಹಾಕುವಂತಿಲ್ಲ. ಬಿಟ್ಟುಕೊಡುವಿರಾ ಎಂದು ಒಳಗಿನವರನ್ನು ಕೇಳಬೇಕು, ಅವರು ಅದರ ಕೈಯಲ್ಲಿದ್ದ ಕೆಲಸವನ್ನು ಬೇರೆಯವಕ್ಕೆ ವಹಿಸಿ ‘ಆಯಿತು’ ಎಂದ ಮೇಲೆ ಕಳಿಸಿಕೊಡಬೇಕು. ಸೊಸೆ ಇದನ್ನು ಹೇಳುವಾಗ ಅಕ್ಕನೂ ಅಡಿಕೆಯ ಬುಟ್ಟಿ ಮುಂದಿಟ್ಟುಕೊಂಡು ಕೇಳುತ್ತಿದ್ದರು. ಪಿಸಿ ಮಾದರಿಯ ಯಂತ್ರದಲ್ಲಿ ಒಂದು ಪ್ರೊಸೆಸರನ್ನು ಮಾತ್ರ ಹಾಗೆ ತೆಗೆಯಲು ಬರುವುದಿಲ್ಲ, ಅದು ಎಲ್ಲಕ್ಕಿಂತ ಮೊದಲು ಎದ್ದು ಯಂತ್ರವನ್ನು ಎಬ್ಬಿಸಿದ್ದು ಎಂದಳು. ಅಕ್ಕ ತಲೆಯೆತ್ತಿದರು. “ಅಂದರೆ ನನ್ನನ್ನು ಅಲ್ಲಾಡಿಸೋಕಾಗಲ್ಲ ಅನ್ನು” ಎಂದು ಜೋರಾಗಿ ನಕ್ಕರು.

ಆದರೂ ಅವರು ಇನ್ನೂ ಒಪ್ಪಿಲ್ಲ. ಮೊನ್ನೆ ಮಾತ್ರ ಸಂಜೆ ಬಂದವರು, ಗದಗಿನ ಕಡೆ ನಾಗರ ಪಂಚಮಿಗೆ ಏನೇನು ಉಂಡೆ ಮಾಡುತ್ತಾರೆಂದು ವಿಚಾರಿಸಿ ಹೋದರು. ಮದುವೆಗೆ ಇನ್ನೂ ಏಳು ವಾರವಿದೆ.